ಮಡಿಸಿಟ್ಟ ಅಂಗಿ, ಬಿಸಾಡಿದ ಅಂಗಿ

ನೀರಿನ ಹತ್ತಿರ ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ಹೊಳೆಗೆ ಹೋದರೆ ಮಿಂದು ಬರುತ್ತಾರೆ. ನಾನು ಹೋದರೆ ಪೊಲೀಸರು ಬರುತ್ತಾರೆ. ತಿ. ನರಸೀಪುರದಲ್ಲಿ ನನ್ನದೊಂದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇದೆ, ಹೊಟ್ಟೆಪಾಡು ಅದು. ಆದರೆ ಊರಿನವರ ಪಾಲಿಗೆ ನಾನು ಈಜುಗಾರ. ಕಾವೇರಿ, ಕಪಿಲೆ ಕೂಡುವ ಸಂಗಮದಲ್ಲಿ ಯಾರಾದರೂ ಮುಳುಗಿದರೆ ಠಾಣೆಯಿಂದ ಮೊದಲು ಫೋನು ಬರುವುದು ನನಗೆ. ಬದುಕಿದ್ದವರನ್ನು ಎಳೆದು ತಂದಿದ್ದೇನೆ, ಬದುಕಿಲ್ಲದವರನ್ನೂ ತಂದಿದ್ದೇನೆ. ಆ ಎರಡನೆಯವರ ಮಾತು ಇಲ್ಲಿ ಬೇಡ. ಇಲ್ಲಿ ಬರೆಯುವುದು ಆಮೇಲೆ ನಗು ತರಿಸಿದ ಪ್ರಸಂಗಗಳನ್ನು ಮಾತ್ರ. ನಡೆಯುವಾಗ ಒಂದೂ ನಗುವಂಥದ್ದಾಗಿರಲಿಲ್ಲ.

೧. ಸಂಪಿನ ಅಂಚಿನ ಸೀರೆ

ದಡದಲ್ಲಿ ಬಟ್ಟೆ ಇದೆ, ಮನುಷ್ಯ ಇಲ್ಲ. ಇಂಥದ್ದು ಕಂಡರೆ ಎಲ್ಲರೂ ನೀರು ನೋಡುತ್ತಾರೆ, ನಾನು ಬಟ್ಟೆ ನೋಡುತ್ತೇನೆ. ಸುಮ್ಮನೆ ಸ್ನಾನಕ್ಕೆ ಇಳಿದವನು ವಾಚನ್ನು ಚಪ್ಪಲಿಯೊಳಗೆ ಬಚ್ಚಿಟ್ಟು ಅದರ ಮೇಲೆ ಬಟ್ಟೆ ಗುಡ್ಡೆ ಹಾಕಿರುತ್ತಾನೆ, ಹೊರಗೆ ಬಂದು ತಗೋಬೇಕಲ್ಲ. ಇನ್ನೊಬ್ಬರನ್ನು ಉಳಿಸಲು ಹಾರಿದವನ ಅಂಗಿ ಒಂದು ಕಡೆ ಬಿದ್ದಿರುತ್ತದೆ, ಪ್ಯಾಂಟು ಇನ್ನೊಂದು ಕಡೆ. ಆದರೆ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ, ವಾಚು ಮೇಲಿಟ್ಟು, ಚಪ್ಪಲಿ ಜೋಡಿಸಿ ಹೋದವನಿರುತ್ತಾನಲ್ಲ, ಅವನು ವಾಪಸು ಬರುವ ಯೋಚನೆ ಇಟ್ಟುಕೊಂಡು ಹೋದವನಲ್ಲ.

ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಗಂಡ ಬುದ್ಧಿವಂತ ಅಂದುಕೊಳ್ಳುತ್ತಾಳೆ ಎಂಬ ಆಸೆ. ಅವಳು ಆ ರಾತ್ರಿ ಊಟ ಬಿಟ್ಟಳು. ಅವಳು ನಂಜನಗೂಡಿನವಳು. ಅಲ್ಲಿ ಗ್ರಹಚಾರ ಕೆಟ್ಟವರು, ಕಾಯಿಲೆ ಬಿದ್ದು ಎದ್ದವರು ಕಪಿಲೆಯಲ್ಲಿ ಮುಳುಗಿ, ಉಟ್ಟಿದ್ದನ್ನು ಅಲ್ಲೇ ಬಿಟ್ಟು, ಬೇರೆ ಬಟ್ಟೆ ಉಟ್ಟು ಹೊರಟುಬಿಡುತ್ತಾರೆ. ಕಷ್ಟವೂ ಆ ಬಟ್ಟೆಯ ಜೊತೆಯೇ ಹೋಯಿತು ಎಂದು ಲೆಕ್ಕ. ಇದು ನನಗೆ ಗೊತ್ತಿಲ್ಲವೆಂದಲ್ಲ. ಆದರೂ ಮದುವೆಯಾದ ಮಾರನೆಯ ವಾರ ಅಲ್ಲಿಯ ಸ್ನಾನಘಟ್ಟದಲ್ಲಿ ಮೂವತ್ತು ನಲವತ್ತು ಜೊತೆ ಬಟ್ಟೆ ಒಟ್ಟಿಗೇ ಕಂಡಾಗ ತಲೆ ಓಡಲಿಲ್ಲ, ಠಾಣೆಗೆ ಫೋನು ಹಚ್ಚಿಬಿಟ್ಟೆ.

“ಅದು ನಮ್ಮೂರ ಪದ್ಧತಿ ಕಣ್ರೀ,” ಎಂದು ಹೆಂಡತಿ ಕೈಮುಗಿದಳು. “ನಿಮ್ಮೂರ ಲೆಕ್ಕ ನಮ್ಮೂರಲ್ಲಿ ಆಕ್ಬೇಡಿ.”

ಚಾಳಿ ಬಿಡಬೇಕಲ್ಲ. ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದೆ. ಮುಂಬಾಗಿಲು ತೆರೆದಿದೆ, ಕರೆದರೆ ಉತ್ತರವಿಲ್ಲ. ಹಿತ್ತಲಿಗೆ ಹೋದರೆ ನೀರಿನ ಸಂಪಿನ ಮುಚ್ಚಳ ಪಕ್ಕಕ್ಕೆ ಸರಿದಿದೆ. ಅಂಚಿನಲ್ಲಿ ಅವಳ ಸೀರೆ, ನಾಲ್ಕು ಮಡಿಕೆ. ಅದರ ಪಕ್ಕ ಚಪ್ಪಲಿ, ಜೋಡಿಯಾಗಿ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದು ರೇಗಿ ಹೋಗಿದ್ದೆ. ಅಂಗಿ, ಪ್ಯಾಂಟು ಕಿತ್ತೆಸೆದು ಸಂಪಿಗೆ ಹಾರಿದೆ. ಐದಡಿ ನೀರು, ಒಳಗೆ ಕತ್ತಲೆ. ಮೂಲೆ ಮೂಲೆ ತಡವಿದೆ. ಕೈಗೆ ಪಾಚಿ ಬಿಟ್ಟು ಬೇರೇನೂ ಸಿಗಲಿಲ್ಲ. ಉಸಿರು ತೆಗೆದುಕೊಳ್ಳಲು ಮೇಲೆ ಬಂದರೆ, ಬೆಳಕಿನ ಚೌಕದಲ್ಲಿ ಅವಳ ಮುಖ ಬಗ್ಗಿ ನೋಡುತ್ತಿತ್ತು. ನಾನು ಕಿರುಚಿದೆ. ಅವಳೂ ಕಿರುಚಿದಳು.

ನೀರು ಎಷ್ಟಿದೆ ಎಂದು ಮುಚ್ಚಳ ತೆಗೆದವಳು, ಇಸ್ತ್ರಿಗೆ ಎತ್ತಿಟ್ಟ ಸೀರೆಯನ್ನು ಅಲ್ಲೇ ಇಟ್ಟು, ಬರಿಗಾಲಲ್ಲಿ ಪಕ್ಕದ ಮನೆಗೆ ಇಸ್ತ್ರಿಪೆಟ್ಟಿಗೆ ಕೇಳಲು ಹೋಗಿದ್ದಳಂತೆ. ಕುಡಿಯುವ ನೀರು ಹಾಳಾಯಿತೆಂದು ಬೈಯುತ್ತಾಳೆ ಅಂದುಕೊಂಡೆ. ಅವಳು ಕರಿಬೇವಿನ ಗಿಡದ ಮೇಲೆ ನೇತಾಡುತ್ತಿದ್ದ ನನ್ನ ಅಂಗಿಯನ್ನು ನೋಡಿದಳು, ಹೊಸಿಲ ಮೇಲೆ ಉಲ್ಟಾ ಬಿದ್ದಿದ್ದ ಪ್ಯಾಂಟನ್ನು ನೋಡಿದಳು.

“ನಾನ್ ಸತ್ತೋದೆ ಅಂತ ಆರಿದ್ರಲ್ಲ, ಸಂತೋಷ,” ಅಂದಳು. “ಆ ಅಂಗೀನ ಮಡಿಸಿಟ್ಟು ಆರಕ್ಕೆ ಏನಾಗಿತ್ತು?”

೨. ಏಳನೇ ಮಂಚದ ಅಂಕಲ್

ಹೆಂಡತಿಗೆ ಒಬ್ಬ ತಮ್ಮ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಈಜು ಬಾರದು. ಅದೇ ಕಾರ್ಖಾನೆಯ ಹುಡುಗಿಯೊಬ್ಬಳನ್ನು ಎರಡು ವರ್ಷ ಇಷ್ಟಪಟ್ಟಿದ್ದ. ಅವಳಿಗೆ ಬೇರೆ ಕಡೆ ಮದುವೆಯಾಯಿತು. ಅಲ್ಲಿಂದಾಚೆಗೆ ಮಾತು ಕಡಿಮೆ ಮಾಡಿದ. ಹತ್ತಿರದ ಊರಿನ ಹುಡುಗಿಯೊಬ್ಬಳ ಜೊತೆ ಲಗ್ನ ಗೊತ್ತಾಯಿತು, ಆಗಲೂ ಮುಖ ಅರಳಲಿಲ್ಲ. ಯಾವಾಗ ನೋಡಿದರೂ ಮೈಮೇಲೆ ಅದೇ ಹಸಿರು ಚೌಕಳಿ ಅಂಗಿ, ಕಾಲರು ಸವೆದು ದಾರ ಎದ್ದಿತ್ತು.

ಮದುವೆಗೆ ಇನ್ನೊಂದು ತಿಂಗಳು ಎನ್ನುವಾಗ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಥಾಯ್ಲೆಂಡ್ ಸುತ್ತಿ ಬರುತ್ತೇನೆ ಅಂದ. ಅಲ್ಲೊಂದು ದ್ವೀಪದಲ್ಲಿ ಹುಣ್ಣಿಮೆಗೆ ಸಮುದ್ರದ ದಂಡೆಯಲ್ಲಿ ಇಡೀ ರಾತ್ರಿ ಪಾರ್ಟಿಯಂತೆ, ಸಾವಿರಾರು ಜನ ಸೇರುತ್ತಾರಂತೆ. ನಮ್ಮತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

“ಅಳಿಯಂದ್ರೆ, ಉಡ್ಗ ಸರ್ಯಾಗಿಲ್ಲ. ಒಬ್ನೇ ಓಯ್ತೀನಿ ಅಂತವ್ನೆ. ಈಜು ಬರ್ದಿರೋನಿಗೆ ಸಮುದ್ರದತ್ರ ಏನ್ ಕೆಲ್ಸ? ನೀವೂ ಜೊತೇಲಿ ಓಗಿ,” ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಹತ್ತಿರ ದುಬೈ ಕೆಲಸಕ್ಕೆಂದು ಮಾಡಿಸಿ ಒಂದು ಸೀಲೂ ಬೀಳದ ಪಾಸ್‌ಪೋರ್ಟು ಇತ್ತು. ಹೊರಡುವ ದಿನ ಹೆಂಡತಿ ಬ್ಯಾಗನ್ನು ನನ್ನ ಬೆನ್ನಿಗೇರಿಸಿದಳು. “ಇಬ್ರು ಓಯ್ತಾ ಇದ್ದೀರ. ಇಬ್ರು ಬರ್ಬೇಕು,” ಅಂದಳು. ಆ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿತ್ತು.

ಬೆನ್ನಿಗೆ ಬ್ಯಾಗು ಹಾಕಿಕೊಂಡು ತಿರುಗುವವರು ಲಾಡ್ಜಿನಲ್ಲಿ ಇಳಿಯುವುದಿಲ್ಲವಂತೆ. ಒಂದೇ ಕೋಣೆ, ಒಂದರ ಮೇಲೊಂದು ಹನ್ನೆರಡು ಮಂಚ. ನನ್ನದು ಏಳನೆಯದು, ಅವನದು ಎಂಟು. ರಾತ್ರಿ ಎಚ್ಚರವಾಯಿತು. ಕೋಣೆಯಲ್ಲಿ ಒಂದು ಗೊರಕೆಯಿಲ್ಲ, ಒಂದು ಹೊರಳಾಟವಿಲ್ಲ. ನನ್ನದೊಂದು ಬಿಟ್ಟು ಹನ್ನೊಂದು ಮಂಚದಲ್ಲಿ ಹನ್ನೊಂದು ಜನ ಬಿಳಿ ಹೊದಿಕೆ ಕತ್ತಿನವರೆಗೆ ಎಳೆದುಕೊಂಡು ನೆಟ್ಟಗೆ ಮಲಗಿದ್ದಾರೆ. ಹಾಗೆ ಸಾಲಾಗಿ ಮಲಗಿದವರನ್ನು ನಾನು ನೋಡಿರುವುದು ಒಂದೇ ಜಾಗದಲ್ಲಿ, ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ. ತಡೆಯಲಾಗಲಿಲ್ಲ. ಎದ್ದು ಒಬ್ಬೊಬ್ಬರ ಮೂಗಿನ ಕೆಳಗೂ ಬೆರಳಿಟ್ಟು ಉಸಿರು ನೋಡಿಕೊಂಡು ಬಂದೆ. ಎಲ್ಲರಿಗೂ ಉಸಿರಿತ್ತು. ಕೊನೆಗೆ ಭಾಮೈದನ ಮೂಗಿಗೆ ಬೆರಳಿಟ್ಟರೆ, ಅವನು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದ.

“ಬದುಕಿದೀನಿ ಭಾವ, ಮಲಕ್ಕಳಿ,” ಅಂದ. ಆ ದನಿ ನನಗೆ ಸರಿ ಕಾಣಲಿಲ್ಲ. ಬೆಳಗಿನವರೆಗೆ ನಾನು ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಕೌಂಟರಿನ ಹೆಣ್ಣುಮಗಳು ನಮ್ಮನ್ನು ಕರೆಸಿದಳು. ಏಳನೇ ಮಂಚದ ಅಂಕಲ್ ರಾತ್ರಿ ಎಲ್ಲರ ಮೂಗಿಗೂ ಬೆರಳಿಡುತ್ತಾರೆ ಎಂದು ಒಂಬತ್ತು ಜನ ದೂರು ಕೊಟ್ಟಿದ್ದರು. ಮೂರನೇ ಮಂಚದ ಮುದುಕ ಮಾತ್ರ ದೂರು ಕೊಟ್ಟಿರಲಿಲ್ಲ. ಈ ಸೇವೆ ದಿನಾ ಇರುತ್ತದೆಯೇ, ಹಾಗಿದ್ದರೆ ಇನ್ನೂ ನಾಲ್ಕು ದಿನ ಉಳಿಯುತ್ತೇನೆ ಎಂದು ಬರೆದುಕೊಟ್ಟಿದ್ದ.

೩. ದೋಣಿಗೆ ಒಡೆದ ಕಾಯಿ

ಪಾರ್ಟಿಯ ದ್ವೀಪಕ್ಕೆ ಮುಸ್ಸಂಜೆಯಲ್ಲಿ ದೋಣಿ. ಎಣಿಸಿದೆ, ನಾವಿಬ್ಬರೂ ಸೇರಿ ಮೂವತ್ತೆಂಟು ತಲೆ. ಎಲ್ಲ ಎಳೆ ವಯಸ್ಸಿನವರು, ಆಗಲೇ ಮುಖಕ್ಕೆ ಬಣ್ಣ ಹೊಡೆದುಕೊಂಡಿದ್ದರು. ಅರ್ಧ ಜನ ತಲೆಬುರುಡೆ ಬರೆಸಿಕೊಂಡಿದ್ದರು. ಕತ್ತಲಾಗುತ್ತಿದ್ದಂತೆ ಎದುರು ಬೆಂಚಿನಲ್ಲಿ ಮನುಷ್ಯರು ಅಳಿಸಿಹೋಗಿ ಬುರುಡೆಗಳು ಮಾತ್ರ ಉಳಿದು ನಗುತ್ತಿದ್ದವು. ಲೈಫ್ ಜಾಕೆಟ್ಟುಗಳನ್ನು ಬೆಂಚಿನ ಕೆಳಗೆ ತುರುಕಿದ್ದರು, ಒಬ್ಬರೂ ಹಾಕಿರಲಿಲ್ಲ.

ದೋಣಿಯ ಮೂತಿಗೆ ಬಣ್ಣಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿತ್ತು. ಅದು ದೋಣಿ ಕಾಯುವ ತಾಯಿಗಂತೆ. ಪರದೇಶದಲ್ಲೂ ಒಬ್ಬಳು ತಾಯಿ ಇದ್ದಾಳಲ್ಲ ಎಂದು ನನಗೆ ಧೈರ್ಯ ಬಂತು. ನೀರು ದಾಟುವ ಮೊದಲು ಕಾಯಿ ಒಡೆಯಿರಿ ಎಂದು ಅತ್ತೆ ಹೇಳಿಕಳಿಸಿದ್ದರು. ದಡದ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಂಡಿದ್ದೆ. ಇನ್ನೇನು ಹಗ್ಗ ಬಿಚ್ಚಬೇಕು, ನಾನು ಎದ್ದು ಮೂತಿಗೆ ಹೋಗಿ, ಕೈಮುಗಿದು, ಲಂಗರಿನ ಕಬ್ಬಿಣಕ್ಕೆ ಕಾಯಿ ಅಪ್ಪಳಿಸಿದೆ. ಹೊಡೆತಕ್ಕೆ ಸರಿಯಾಗಿ ಎರಡು ಹೋಳು.

ದೋಣಿಯವನು ನನ್ನನ್ನು ನೋಡಿದ, ಕಾಯಿ ನೋಡಿದ, ಆಕಾಶ ನೋಡಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಏನೋ ಪಿಸುಗುಟ್ಟಿದ. ಪಕ್ಕದಲ್ಲಿದ್ದ ಒಬ್ಬಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಭಾಮೈದ ನನಗೆ ಹೇಳಿದ.

“ಭಾವ, ನಿಮ್ಗೆ ಏನ್ ಕಾಣಿಸ್ತು ಅಂತ ಕೇಳ್ತಾವ್ನೆ.”

“ಏನೂ ಇಲ್ಲ, ಸುಮ್ಕೆ ಒಡ್ದೆ ಅನ್ನು.”

ಹೇಳಿದ. ದೋಣಿಯವನು ನಂಬಲಿಲ್ಲ. ಬೆಂಚುಗಳ ಕೆಳಗಿಂದ ಜಾಕೆಟ್ಟುಗಳನ್ನೆಲ್ಲ ಎಳೆದು ಎಲ್ಲರಿಗೂ ಒಂದೊಂದು ಹಾಕಿಸಿದ. ಬುರುಡೆಗಳೆಲ್ಲ ನಗು ನಿಲ್ಲಿಸಿ ಬಕಲ್ ಹಾಕಿಕೊಂಡವು. ಎಲ್ಲರಿಗೂ ಹಂಚಿದ ಮೇಲೆ ಎರಡು ಉಳಿದವು. ಆ ಎರಡನ್ನೂ ದೋಣಿಯವನು ಒಂದರ ಮೇಲೊಂದು ತಾನೇ ಹಾಕಿಕೊಂಡ.

೪. ಮೊಣಕಾಲಿನ ಗಡಿ

ಹುಣ್ಣಿಮೆಯ ಚಂದ್ರ ಸಮುದ್ರದ ಮೇಲೆ ಬಂದಿತ್ತು. ದಂಡೆಯುದ್ದಕ್ಕೂ ನೇರಳೆ ದೀಪ ಹಾಕಿದ್ದರು. ಆ ದೀಪದಲ್ಲಿ ಬಣ್ಣ ಹೊಳೆಯುತ್ತದೆ, ಮೈ ಕಾಣುವುದಿಲ್ಲ. ಸಾವಿರಾರು ಹಲ್ಲು, ಪಕ್ಕೆಲುಬು, ಕೈಮೂಳೆಗಳು ತಾವೇ ಎದ್ದು ಕುಣಿಯುತ್ತಿದ್ದವು. ಹಾಡಿನ ಹೊಡೆತ ಕಿವಿಗಿಂತ ಮೊದಲು ಎದೆಗೆ ಬೀಳುತ್ತಿತ್ತು. ನಮ್ಮ ಸಂಗಮದಲ್ಲಿ ಮುಳುಗಿದವರೆಲ್ಲ ಎದ್ದುಬಂದು ಲೆಕ್ಕ ಕೇಳುತ್ತಿದ್ದಾರೆ ಎಂದು ಒಂದು ಕ್ಷಣ ನನಗೆ ಅನಿಸಿತು. ಅನಿಸಿದ್ದನ್ನು ಭಾಮೈದನಿಗೆ ಹೇಳಲಿಲ್ಲ.

ಭಯವಾದಾಗ ನಾನು ಕೆಲಸ ಹುಡುಕಿಕೊಳ್ಳುತ್ತೇನೆ. ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಆಗುವಾಗ ನೀರಿನಂಚಿನಲ್ಲಿ ನಿಂತು ಜನರನ್ನು ತಡೆಯುವುದು ನನ್ನ ಪಾಳಿ. ಆಗ ಊದುವ ಸೀಟಿ ಜೇಬಿನಲ್ಲೇ ಇತ್ತು. ಕುಡಿದವನೊಬ್ಬ ಮೊಣಕಾಲು ದಾಟಿ ನೀರಿಗೆ ಇಳಿಯುತ್ತಿದ್ದ. ಊದಿದೆ. ಬೆಚ್ಚಿಬಿದ್ದು ಹಿಂದೆ ಬಂದ. ಇನ್ನಿಬ್ಬರು ಇಳಿದರು, ಮತ್ತೆ ಊದಿದೆ. ಕೈ ಎತ್ತಿ, ಮೊಣಕಾಲು ಮುಟ್ಟಿ ತೋರಿಸಿ, “ಇಷ್ಟೇ, ಇದಕ್ಕಿಂತ ಮುಂದಕ್ಕಿಲ್ಲ!” ಎಂದು ಕನ್ನಡದಲ್ಲೇ ಕೂಗಿದೆ.

ಅವರಿಗೆ ಅದು ಕುಣಿತದ ಹೊಸ ಹೆಜ್ಜೆಯಾಗಿ ಕಂಡಿತು. ನಾನು ಕೈ ಎತ್ತಿದರೆ ಅವರೂ ಎತ್ತಿದರು. ನಾನು ಮೊಣಕಾಲು ಮುಟ್ಟಿದರೆ ಅವರೂ ಮುಟ್ಟಿದರು. ಸೀಟಿ ಊದಿಸಿಕೊಳ್ಳಲೆಂದೇ ನೀರಿಗೆ ಇಳಿಯತೊಡಗಿದರು. ಒಂದು ಗಂಟೆಯೊಳಗೆ ನಲವತ್ತು ಜನ ನನ್ನ ಹಿಂದೆ ಸಾಲುಗಟ್ಟಿದರು. ನಾನು ಹೋದಲ್ಲಿ ಬಂದರು, ನಿಂತಲ್ಲಿ ನಿಂತರು. ಕುಂಭಮೇಳದಲ್ಲಿ ಗಂಟಲು ಹರಿಯುವಂತೆ ಕೂಗಿದರೂ ನನ್ನ ಮಾತು ಇಷ್ಟು ಶಿಸ್ತಾಗಿ ಯಾರೂ ಕೇಳಿದ್ದಿಲ್ಲ.

ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಹೆಮ್ಮೆಯಲ್ಲೇ ಮೈಮರೆತೆ. ಮಧ್ಯದಲ್ಲೊಮ್ಮೆ ಭಾಮೈದ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು, “ಭಾವ, ಒಂಚೂರು ಅಡ್ಡಾಡ್ಕಂಡ್ ಬತ್ತೀನಿ,” ಅಂದಿದ್ದ.

“ನೀರತ್ರ ಓಗ್ಬೇಡ ಕಣ್ಲಾ,” ಅಂದಿದ್ದೆ.

“ಇಲ್ಲ ಭಾವ.”

ನಲವತ್ತು ಜನರನ್ನು ನಾಲ್ಕು ಸಲ ಎಣಿಸಿದ್ದೆ. ನಾನು ಯಾರನ್ನು ಕಾಯಲೆಂದು ಕಡಲು ದಾಟಿ ಬಂದಿದ್ದೆನೋ ಅವನೊಬ್ಬನನ್ನು ಎಣಿಸುವುದು ಬಿಟ್ಟುಹೋಗಿತ್ತು.

೫. ಕೂದಲು ಸಿಕ್ಕಿತು

ನೆನಪಾಗಿ ವಾಚು ನೋಡಿದಾಗ ನಾಲ್ಕು ಗಂಟೆ. ಅವನು ಹೋಗಿ ಒಂದೂವರೆ ಗಂಟೆಯಾಗಿತ್ತು. ಫೋನು ಮಾಡಿದರೆ ಎತ್ತಲಿಲ್ಲ. ದಂಡೆಯುದ್ದಕ್ಕೂ ಓಡಿದೆ. ಜನ ತೆಳುವಾದರು, ದೀಪ ಮುಗಿಯಿತು, ಹಾಡಿನ ಸದ್ದು ಹಿಂದೆ ಉಳಿಯಿತು. ಕೊನೆಯಲ್ಲಿ ಕಪ್ಪು ಬಂಡೆಗಳು. ಬೆಳದಿಂಗಳಲ್ಲಿ ಅಲೆ ಬಂದು ಸದ್ದಿಲ್ಲದೆ ಮರಳು ನೆಕ್ಕಿ ಹಿಂದೆ ಹೋಗುತ್ತಿತ್ತು. ಅಲ್ಲಿ ಒಂದು ಚಪ್ಪಟೆ ಕಲ್ಲು.

ಕಲ್ಲಿನ ಮೇಲೆ ಹಸಿರು ಚೌಕಳಿ ಅಂಗಿ. ನಾಲ್ಕು ಮಡಿಕೆ. ಅಂಗಿಯ ಕೆಳಗೆ ಪ್ಯಾಂಟು, ಅದೂ ಮಡಿಸಿದ್ದು. ಪಕ್ಕದಲ್ಲಿ ಚಪ್ಪಲಿ ಜೋಡಿಯಾಗಿ, ಮೂತಿ ಸಮುದ್ರದ ಕಡೆಗೆ.

ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಪ್ರತಿ ಸಲವೂ ಅದು ಬೇರೆ ಯಾರದೋ ಮನೆಯವನದಾಗಿರುತ್ತಿತ್ತು. ಇಬ್ರು ಬರ್ಬೇಕು, ಇಬ್ರು ಬರ್ಬೇಕು ಎಂದು ತಲೆಯೊಳಗೆ ಹೆಂಡತಿಯ ದನಿ. ಜೀವ ಹೋಗುವಂತೆ ಸೀಟಿ ಊದಿದೆ, ಯಾರಾದರೂ ನೆರವಿಗೆ ಬರಲಿ ಎಂದು. ದೂರದಲ್ಲಿ ನನ್ನ ನಲವತ್ತು ಜನ ಅದನ್ನು ಕೇಳಿಸಿಕೊಂಡರು. ಕೈ ಎತ್ತಿದರು. ಮೊಣಕಾಲು ಮುಟ್ಟಿದರು. ಹೋ ಎಂದು ಕೂಗಿದರು.

ಬಟ್ಟೆ ಕಿತ್ತೆಸೆದು ಚಡ್ಡಿಯಲ್ಲೇ ಹಾರಿದೆ. ನಮ್ಮ ಹೊಳೆಗೆ ಒಂದು ದಿಕ್ಕಿದೆ, ಮನುಷ್ಯನನ್ನು ಯಾವ ಕಡೆ ಒಯ್ದಿದೆ ಎಂದು ಹೇಳುತ್ತದೆ. ಸಮುದ್ರ ಏನನ್ನೂ ಹೇಳಲಿಲ್ಲ. ಉಗುರುಬೆಚ್ಚಗಿನ ನೀರು, ಕಣ್ಣು ಬಿಟ್ಟರೆ ಉಪ್ಪಿನ ಉರಿ. ಮುಳುಗಿದೆ, ತಡವಿದೆ, ಎದ್ದೆ, ಹೆಸರು ಹಿಡಿದು ಕೂಗಿದೆ, ಮತ್ತೆ ಮುಳುಗಿದೆ. ಅವನ ಅಕ್ಕನಿಗೆ ಏನು ಹೇಳಲಿ, ಅತ್ತೆಯ ಮುಖ ಹೇಗೆ ನೋಡಲಿ ಎಂದು ನೀರೊಳಗೇ ಅಳುತ್ತಿದ್ದೆ. ನೀರೊಳಗೆ ಅಳಬಹುದು ಎಂದು ನನಗೆ ಅವತ್ತೇ ಗೊತ್ತಾದದ್ದು.

ಆರನೆಯ ಸಲವೋ ಏಳನೆಯ ಸಲವೋ ಮುಳುಗಿದಾಗ ಕೈಗೆ ಕೂದಲು ಸಿಕ್ಕಿತು.

ಮುಳುಗಿದವರನ್ನು ಎಳೆಯುವುದು ಕೂದಲಿನಲ್ಲೇ, ತೋಳು ಹಿಡಿದರೆ ಜಾರುತ್ತದೆ. ಮುಷ್ಟಿ ಬಿಗಿಮಾಡಿ, ಕಾಲು ಬಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮೇಲೆಳೆದೆ. ಭಾರವೇ ಇರಲಿಲ್ಲ. ತಲೆ ನೀರಿಂದ ಹೊರಗೆ ಬಂತು, ನನ್ನ ತಲೆ. ಕೈ ಹೊರಗೆ ಬಂತು, ನನ್ನ ಕೈ. ಕೈಯಲ್ಲಿ ಮೊಳದುದ್ದದ ಕೂದಲು, ಅದರ ಕೆಳಗೆ ತಲೆ ಇಲ್ಲ.

ಬೆಳದಿಂಗಳಿಗೆ ಹಿಡಿದು ನೋಡಿದೆ. ಗುಲಾಬಿ ಬಣ್ಣದ ಟೋಪನ್ನು, ಸುಳ್ಳು ಕೂದಲು. ಪಾರ್ಟಿಗೆ ಹಾಕಿಕೊಂಡು ಬಂದ ಯಾರದೋ ತಲೆಯಿಂದ ಜಾರಿ ಬಿದ್ದದ್ದು. ಬಿಸಾಡಬಹುದಿತ್ತು. ಆದರೆ ಇಪ್ಪತ್ತು ವರ್ಷದಿಂದ ಕೈಗೆ ಸಿಕ್ಕ ಕೂದಲನ್ನು ದಡ ಸೇರುವವರೆಗೆ ಬಿಟ್ಟವನಲ್ಲ, ಅಂದೂ ಬಿಡಲಿಲ್ಲ.

೬. ಅವಳು ಕೇಳಿದ ಒಂದೇ ಪ್ರಶ್ನೆ

ನೀರು ನನ್ನನ್ನು ಬಂಡೆಗಳ ಆಚೆಗೆ ಎಳೆದುಕೊಂಡು ಹೋಗಿತ್ತು. ಕೈ ಸೋತು ಅಲ್ಲೇ ದಡ ಹತ್ತಿದೆ. ಬಂಡೆ ಹಿಡಿದು ಹಿಡಿದು ಈಚೆಗೆ ಬರುವ ಹೊತ್ತಿಗೆ ಪೂರ್ವದಲ್ಲಿ ಬೂದು ಬೆಳಕು. ಆ ಚಪ್ಪಟೆ ಕಲ್ಲಿನ ಸುತ್ತ ಜನ ಕೂತಿದ್ದರು. ನನ್ನ ನಲವತ್ತು ಜನವೇ. ಬಣ್ಣ ಬೆವರಿಗೆ ಇಳಿದು ಬುರುಡೆಗಳ ಕಣ್ಣು ಕೆನ್ನೆಗೆ ಬಂದಿತ್ತು. ಅವರ ನಡುವೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ನನ್ನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಯಾರೋ ಗೊಳೋ ಎಂದು ಅಳುತ್ತಿದ್ದ.

ಭಾಮೈದ. ಜೀವಂತ.

ನಾನು ಬಂಡೆಗೆ ಒರಗಿದೆ. ನೀರಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು, ಕರೆದದ್ದು ಅವನಿಗೆ ಕೇಳಿಸಲಿಲ್ಲ. ಅವನ ಕೈಯಲ್ಲಿ ಫೋನು, ಫೋನಿನಲ್ಲಿ ನನ್ನ ಹೆಂಡತಿಯ ಮುಖ. ನಮ್ಮೂರಿನ ಗಡಿಯಾರ ಒಂದೂವರೆ ಗಂಟೆ ಹಿಂದೆ, ಅಲ್ಲಿ ಆಗಿನ್ನೂ ರಾತ್ರಿ ಮೂರೂವರೆ. ತಲೆಗೂದಲು ಕೆದರಿತ್ತು.

“ಅಕ್ಕಾ, ಭಾವ ಓಗ್ಬಿಟ್ರು ಅಕ್ಕಾ!”

“ಎಲ್ಲಿಗ್ಲಾ?”

“ನೀರ್ಗೆ! ಬಟ್ಟೆ ಅವೆ, ಭಾವ ಇಲ್ಲ! ಭಾವನೇ ಏಳ್ತಿದ್ರಲ್ಲ, ದಡದಲ್ಲಿ ಬಟ್ಟೆ ಇದ್ದು ಮನ್ಸ ಇಲ್ದಿದ್ರೆ...” ಮುಂದಿನದು ಅಳುವಿನಲ್ಲಿ ಮುಳುಗಿತು.

ಅಷ್ಟು ದೂರದಿಂದಲೂ ಅವಳು ಗೋಡೆ ಹಿಡಿದುಕೊಂಡದ್ದು ನನಗೆ ಕಂಡಿತು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಅಳೋದು ನಿಲ್ಸು. ಸರ್ಯಾಗಿ ನೋಡಿ ಏಳು. ಬಟ್ಟೆ ಮಡಿಸಿಟ್ಟವ್ರಾ, ಬಿಸಾಕವ್ರಾ?”

“ಬಿಸಾಕವ್ರೆ ಅಕ್ಕಾ. ಅಂಗಿ ಬಂಡೆ ಮೇಲಿತ್ತು. ಒಂದ್ ಚಪ್ಲಿ ಇಲ್ಲಿ ಅದೆ, ಇನ್ನೊಂದ್ ಕಾಣ್ತಿಲ್ಲ. ಪ್ಯಾಂಟು ಉಲ್ಟಾ ಬಿದ್ದದೆ.”

ಅವಳು ಉಸಿರು ಬಿಟ್ಟದ್ದು ಅಲೆಯ ಸದ್ದಿನಲ್ಲೂ ಕೇಳಿಸಿತು.

“ಸದ್ಯ. ಅಂಗಾರೆ ನಿನ್ನ ಉಡುಕ್ಕಂಡು ಆರವ್ರೆ. ಬತ್ತಾರೆ ಬುಡು,” ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅದ್ನೆಂಟು ವರ್ಸದಿಂದ ಒಂದು ಅಂಗಿ ಮಡಿಸಿದ ಮನ್ಸ ಅಲ್ಲ. ಮಡಿಸಿಟ್ಟಿದ್ರೆ ನಾನ್ ಇಲ್ಲೇ ಪ್ರಾಣ ಬುಡ್ತಿದ್ದೆ.”

ಆಗ ನಾನು ಬೆಳಕಿಗೆ ಬಂದೆ. ಚಡ್ಡಿಯಲ್ಲಿ, ಮೈಯೆಲ್ಲ ನೀರು ಸುರಿಸುತ್ತ, ಕೈಯಲ್ಲಿ ಗುಲಾಬಿ ಜುಟ್ಟು ನೇತಾಡಿಸಿಕೊಂಡು. ಇಡೀ ರಾತ್ರಿ ಬುರುಡೆ ಬರೆಸಿಕೊಂಡು ಕುಣಿದ ನಲವತ್ತು ಜನ ಒಟ್ಟಿಗೇ ಚೀರಿ ಹತ್ತು ಹೆಜ್ಜೆ ಹಿಂದೆ ಓಡಿದರು. ಭಾಮೈದ ಓಡಿಬಂದು ನನ್ನನ್ನು ತಬ್ಬಿಕೊಂಡ. ನಾನು ಮೊದಲು ಅವನ ಬೆನ್ನು ತಡವಿದೆ, ಆಮೇಲೆ ಅದೇ ಬೆನ್ನಿಗೆ ಎರಡು ಗುದ್ದಿದೆ.

“ಲೇ, ಆ ಅಂಗಿ ಯಾಕ್ಲಾ ಮಡಿಸಿಟ್ಟೆ?”

ಬಿಕ್ಕುತ್ತಲೇ ಹೇಳಿದ. ಆ ಹಸಿರು ಅಂಗಿ ಕಾರ್ಖಾನೆಯ ಆ ಹುಡುಗಿ ಕೊಡಿಸಿದ್ದಂತೆ. ಲಗ್ನ ಗೊತ್ತಾದ ಮೇಲೆ ಅದನ್ನು ಬಿಡಬೇಕು, ಹಳೆಯದು ಅದರ ಜೊತೆಗೇ ಹೋಗಬೇಕು, ಬರುವವಳಿಗೆ ಮೋಸವಾಗಬಾರದು ಎಂದು ಕಪಿಲೆಯಲ್ಲಿ ಮುಳುಗಿ ಮೆಟ್ಟಿಲ ಮೇಲೆ ಬಿಟ್ಟು ಬಂದನಂತೆ.

“ಅವ್ವ ದಿನಾ ಅದೇ ಮೆಟ್ಲಲ್ಲಿ ಬಟ್ಟೆ ಒಗೀತಳಲ್ಲ ಭಾವ. ಎರಡ್ ಸಲ ಬುಟ್ ಬಂದೆ. ಎರಡ್ ಸಲಾನೂ ಒಗ್ದು, ಇಸ್ತ್ರಿ ಮಾಡಿ, ಮಂಚದ ಮೇಲೆ ಮಡಗವ್ಳೆ. ‘ಒಳ್ಳೆ ಅಂಗಿ ಮರ್ತ್ ಬಂದಿದ್ದಲ್ಲೋ’ ಅಂತ.”

“ಅದ್ಕೆ ಥಾಯ್ಲೆಂಡ್‌ಗೆ ಬಂದ್ಯೇನ್ಲಾ?”

“ಇಲ್ಲಿಗಂಟ ಅವ್ವ ಬರಲ್ವಲ್ಲ ಭಾವ.”

ಮೊಣಕಾಲುಮಟ್ಟದ ನೀರಿನಲ್ಲೇ ಕೂತು ಮೂರು ಸಲ ಮುಳುಗಿದ್ದನಂತೆ. ಫೋನು, ಪಾಸ್‌ಪೋರ್ಟು ಸೊಂಟದ ಚೀಲದಲ್ಲಿ ಹಾಕಿ ಬಂಡೆಯ ಮೇಲೆ ಇಟ್ಟಿದ್ದವನು, ಅದನ್ನು ಕಟ್ಟಿಕೊಂಡು, ಟವೆಲ್ ಸುತ್ತಿ, ಬೇರೆ ಬಟ್ಟೆ ಕೊಳ್ಳಲೆಂದು ಒಳದಾರಿಯಿಂದ ಅಂಗಡಿಗಳ ಕಡೆ ನಡೆದನಂತೆ. ಬಿಟ್ಟ ಬಟ್ಟೆಯನ್ನು ತಿರುಗಿ ನೋಡಬಾರದಲ್ಲ, ನೋಡಲಿಲ್ಲ. ಅರ್ಧ ದಾರಿಯಲ್ಲಿ ನನ್ನ ಫೋನು ಬಂದದ್ದು ಕಂಡು ಹಿಂದಿರುಗಿದರೆ, ತನ್ನ ಬಟ್ಟೆಯ ಸುತ್ತ ನನ್ನ ಬಟ್ಟೆ. ಮಡಿಸಿಟ್ಟದ್ದು ಯಾಕೆಂದರೆ, ಇಲ್ಲದವರು ಯಾರಾದರೂ ಹಾಕಿಕೊಳ್ಳುತ್ತಾರೆ, ಗಲೀಜಾಗಿ ಬಿಡಬಾರದು ಎಂದು ಅವನ ಅವ್ವನೇ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರಂತೆ.

ಅಷ್ಟರಲ್ಲಿ ಬುರುಡೆಗಳಲ್ಲೊಂದು ಮೆಲ್ಲಗೆ ಹತ್ತಿರ ಬಂತು. ಬರಿಮೈ ಹುಡುಗ, ಬೆಳಗಿನ ಗಾಳಿಗೆ ಗಡಗಡ ನಡುಗುತ್ತಿದ್ದ. ಹಸಿರು ಅಂಗಿಯನ್ನು ತೋರಿಸಿ, ಹಾಕಿಕೊಳ್ಳಲೇ ಎಂದು ಸನ್ನೆ ಮಾಡಿದ. ಭಾಮೈದ ತಲೆಯಾಡಿಸಿದ. ಹುಡುಗ ಅದನ್ನು ತೊಟ್ಟು ಗುಂಡಿ ಹಾಕಿಕೊಂಡು ದಂಡೆಯುದ್ದಕ್ಕೂ ನಡೆದು ಹೋದ. ಆ ಹಸಿರು ಕಣ್ಮರೆಯಾಗುವವರೆಗೆ ಭಾಮೈದ ನೋಡುತ್ತ ನಿಂತ. ಆಮೇಲೆ ನನ್ನ ಕೈಯ ಗುಲಾಬಿ ಟೋಪನ್ನನ್ನು ನೋಡಿ ನಕ್ಕ. ಅವನ ನಗು ಕಂಡು ವರ್ಷವೇ ಆಗಿತ್ತು.

ಫೋನಿನಲ್ಲಿ ಹೆಂಡತಿ ಇನ್ನೂ ಇದ್ದಳು. ಅಳುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. ನನಗೆ ಎದೆ ತುಂಬಿ ಬಂತು. ಮೂರೂವರೆಯ ಕತ್ತಲಲ್ಲಿ, ನನ್ನ ಉಲ್ಟಾ ಪ್ಯಾಂಟಿನ ಭರವಸೆಯ ಮೇಲೆ ಜೀವ ಹಿಡಿದುಕೊಂಡು ನಿಂತ ಹೆಂಗಸು. ಹದಿನೆಂಟು ವರ್ಷದಿಂದ ಅವಳು ಕೇಳಿದ್ದು ಒಂದೇ ಒಂದು, ಬಿಚ್ಚಿದ ಅಂಗಿಯನ್ನು ಮಡಿಸಿಡಿ ಎಂದು. ಇವತ್ತಿನಿಂದಲಾದರೂ ಆ ಮಾತು ನಡೆಸಿಕೊಡೋಣ ಅಂದುಕೊಂಡೆ. ಫೋನನ್ನು ಬಂಡೆಗೆ ಒರಗಿಸಿಟ್ಟೆ. ಅಂಗಿಯ ಮರಳು ಕೊಡವಿದೆ. ತೋಳುಗಳನ್ನು ಒಳಕ್ಕೆ ಸೇರಿಸಿ, ಕಲ್ಲಿನ ಮೇಲೆ ಹರವಿ, ಒಂದು ಮಡಿಕೆ ಹಾಕಿದೆ, ಎರಡು ಹಾಕಿದೆ.

ಫೋನಿನಲ್ಲಿ ಬೈಗುಳ ತಟ್ಟನೆ ನಿಂತಿತು.

“ಏನ್ರೀ ಮಾಡ್ತಾ ಇದ್ದೀರ?”

“ಅಂಗಿ ಮಡಿಸ್ತಾ ಇವ್ನಿ ಕಣೆ.”

“ಅಯ್ಯಯ್ಯೋ, ಬ್ಯಾಡಾ ಕಣ್ರೀ!” ಇಡೀ ದಂಡೆಗೆ ಕೇಳುವಂತೆ ಕಿರುಚಿದಳು. “ಲೇ ತಮ್ಮಾ, ಕಿತ್ಕಳ್ಲಾ ಅದ್ನ! ನಿಮ್ ಕೈ ಮುಗೀತೀನಿ, ಮಡಿಸ್ಬೇಡ್ರೀ! ಬಿಸಾಕ್ರೀ ಆ ಅಂಗೀನ, ನನ್ ಕಣ್ಮುಂದೆ ಬಿಸಾಕ್ರೀ!”

ಬಿಸಾಡಿದೆ.